ರವಿವಾರದ ಹಿತ್ತಲು

ಶನಿವಾರ ಸಂಜೆ ಬೀದರದ ಬಸ್ ನಿಲ್ದಾಣದಲ್ಲಿ ನಿಂತವರ ಕೈಚೀಲ ನೋಡಿಯೇ ಅವರ ಸಂಗತಿ ಹೇಳಿಬಿಡಬಹುದು. ಊರಿಗೆ ಹೊರಟವರ ಚೀಲ ಬಡಕಲು. ಅದೇ ಚೀಲ ಸೋಮವಾರ ಬೆಳಿಗ್ಗೆ ಹಿಂತಿರುಗುವಾಗ ಬಾಯಿ ಮುಚ್ಚಲಾರದಷ್ಟು ತುಂಬಿರುತ್ತದೆ. ಒಳಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮೇಲೆ ಒಂದು ಕಟ್ಟು ಮೆಂತೆ. ನಾನೂ ಅಂಥ ಚೀಲದವರಲ್ಲಿ ಒಬ್ಬ. ವಾರವೆಲ್ಲ ಬೀದರದಲ್ಲಿ ಕಚೇರಿಯ ಕೆಲಸ. ಶನಿವಾರ ರಾತ್ರಿಗೆ ಔರಾದ ಸೀಮೆಯ ಡಾಬಕಾ. ಅಲ್ಲಿ ಅವ್ವ ಇದ್ದಾಳೆ, ಅವ್ವನ ಹಿತ್ತಲಿದೆ.

ಈ ರವಿವಾರವೆಂಬುದು ನಮಗೆ ಸುಮ್ಮನೆ ದೊರೆತದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ವಾರಕ್ಕೊಂದು ರಜೆ ಎಂಬುದೇ ಇರದ ಕಾಲವೊಂದಿತ್ತು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿಯ ಕೂಲಿಗಾರರ ಸಂಘ ಕಟ್ಟಿ, ಸಭೆ ಸೇರಿಸಿ, ಮನವಿಯ ಮೇಲೆ ಮನವಿ ಕೊಟ್ಟರು. 1890ರಲ್ಲಿ ಮಾಲೀಕರು ರವಿವಾರದ ರಜೆಗೆ ಒಪ್ಪಿದರು. ಅಂದರೆ ವಾರದ ಈ ಒಂದು ದಿನಕ್ಕಾಗಿ ಯಾರೋ ಬೆವರು ಸುರಿಸಿದ್ದಾರೆ. ಹಾಗೆ ಗೆದ್ದು ತಂದ ದಿನವನ್ನು ನಾವು ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ನಾನು ಬಹಳ ಕಾಲ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತಾದುದು ಹೇಗೆ ಎಂಬುದನ್ನೇ ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ರವಿವಾರಗಳು ಬಹುಪಾಲು ಅಂಗೈಯಗಲದ ಫೋನಿನಲ್ಲಿ ಕಳೆಯುತ್ತಿದ್ದುವು. ಬೆಳಗಿನ ಚಹಾದ ಜೊತೆಗೆ ಶುರು. ಒಂದು ಜೊತೆ ಚಪ್ಪಲಿ ನೋಡೋಣವೆಂದು ಅಂಗಡಿ ತೆರೆದರೆ ಚಪ್ಪಲಿಯ ಪಕ್ಕದಲ್ಲಿ ಕೊಡೆ, ಕೊಡೆಯ ಪಕ್ಕದಲ್ಲಿ ಗಡಿಯಾರ. ಕಾಲು ಸವೆಯದೆ ಪೇಟೆಯೆಲ್ಲ ತಿರುಗಿದ ಹಾಗೆ. ಊಟಕ್ಕೆ ಕರೆದಾಗ ತಲೆಯೆತ್ತಿದರೆ ಮಧ್ಯಾಹ್ನವಾಗಿರುತ್ತಿತ್ತು. ಚಪ್ಪಲಿ ಮಾತ್ರ ಕೊಂಡಿರುತ್ತಿರಲಿಲ್ಲ.

ಇದನ್ನು ಕೇಳಿ, ಮನೆಯಲ್ಲಿ ಕೂತು ಸಾಮಾನು ತರಿಸುವುದನ್ನೇ ನಾನು ಹಳಿಯುತ್ತೇನೆಂದು ತಿಳಿಯಬೇಡಿ. ದೂರದಿಂದ ತರಿಸುವ ಪದ್ಧತಿ ನಮಗೆ ಹೊಸದೂ ಅಲ್ಲ. ಅಂಚೆಯವರ ವಿ.ಪಿ. ಏರ್ಪಾಡು 1877ರಷ್ಟು ಹಳೆಯದು. ಪುಸ್ತಕ, ಔಷಧ, ಬೀಜ, ಗಡಿಯಾರ ಎಲ್ಲವೂ ಅದರಲ್ಲಿ ಬರುತ್ತಿದ್ದುವು, ಹಣ ಕೊಟ್ಟು ಗಂಟು ಬಿಡಿಸಿಕೊಳ್ಳುತ್ತಿದ್ದರು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಿತು. ಸಣ್ಣ ಹಳ್ಳಿಗೂ ಆರು ಅಂಕಿಯ ವಿಳಾಸವಾಯಿತು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ತರುಣರು ಪುಸ್ತಕ ಮಾರಲೆಂದು ಫ್ಲಿಪ್‌ಕಾರ್ಟ್ ಶುರುಮಾಡಿದರು. 2010ರಲ್ಲಿ ಸಾಮಾನು ಕೈಗೆ ಬಂದ ಮೇಲೆ ಹಣ ಕೊಡುವ ಕ್ರಮವನ್ನೂ ತಂದರು. ಯೋಚಿಸಿದರೆ ಅದು ನಮ್ಮ ವಿ.ಪಿ.ಯ ಮೊಮ್ಮಗನೇ!

ನಮ್ಮ ಔರಾದ ಸೀಮೆಯವರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಮೂರು ರಾಜ್ಯಗಳ ಮೂಲೆಯಲ್ಲಿ ಕುಳಿತ ಸೀಮೆ ಇದು. ಮನೆಯಲ್ಲಿ ಕನ್ನಡವಾಡಿದವರು ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾರೆ. ಒಂದು ಒಳ್ಳೆಯ ವಸ್ತು ಬೇಕೆಂದರೆ ಉದಗೀರಕ್ಕೋ ದೇಗಲೂರಿಗೋ ಬೀದರಕ್ಕೋ ಹೋಗಬೇಕಾಗಿತ್ತು. ಒಂದು ದಿನದ ದುಡಿಮೆ ಹೋಯಿತೆಂದೇ ಲೆಕ್ಕ. ಇಂದು ಕಾಲಿಲ್ಲದವರಿಗೆ ಗಾಲಿಕುರ್ಚಿ, ಓದುವ ಹುಡುಗಿಗೆ ಬೆಂಗಳೂರಿನ ಪುಸ್ತಕ ಮನೆ ಬಾಗಿಲಿಗೆ ಬರುತ್ತವೆ. ಆದುದರಿಂದ ದೋಷ ಪಾರ್ಸಲಿನದಲ್ಲ. ಪಾರ್ಸಲು ಉಳಿಸಿಕೊಟ್ಟ ದಿನವನ್ನು ನಾನು ಪಾರ್ಸಲು ಹುಡುಕುವುದರಲ್ಲಿಯೇ ಕಳೆದೆ, ದೋಷವಿದ್ದರೆ ಅಲ್ಲಿ.

ಅವ್ವನ ಹಿತ್ತಲು ದೊಡ್ಡದೇನಲ್ಲ. ಬಚ್ಚಲಿನ ಹಿಂದೆ ಎರಡು ಮಂಚ ಹಾಕಿದಷ್ಟು ಉದ್ದ, ನಾಲ್ಕು ಮಂಚದಷ್ಟು ಅಗಲ. ಒಂದು ಕರಿಬೇವು, ಒಂದು ನುಗ್ಗೆ, ಪುಂಡಿ, ಬದನೆ, ಮೆಣಸಿನಗಿಡ, ಗೋಡೆಗೆ ಹಬ್ಬುವ ಹೀರೆ. 2016ರ ಬೇಸಿಗೆಯಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದರಲ್ಲ, ಆ ವರ್ಷ ನಮ್ಮಲ್ಲಿಯೂ ಕೊಡ ನೀರಿಗೆ ಕಷ್ಟ. ಅವ್ವ ಬೇಳೆ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲವನ್ನೂ ಒಂದು ಕೊಡಕ್ಕೆ ಸೇರಿಸಿ ನುಗ್ಗೆಯನ್ನೂ ಕರಿಬೇವನ್ನೂ ಬದುಕಿಸಿಕೊಂಡಳು. ಅಂಥ ಹಿತ್ತಲಿಗೆ ನಾನು ಮಗನಾಗಿ ಏನಾದರೂ ಮಾಡಬೇಡವೆ? ಮಾಡಿದೆ. ಫೋನಿನಲ್ಲಿ ಬಣ್ಣದ ಕುಂಡ ತರಿಸಿದೆ, ಕೈಗವಸು ತರಿಸಿದೆ, ಹೈಬ್ರಿಡ್ ಟೊಮೇಟೊ ಬೀಜ ತರಿಸಿದೆ. ಒಂದು ಗುಲಾಬಿ ಸಸಿಯನ್ನೂ ತರಿಸಿದೆ. ದಾರಿಯಲ್ಲಿ ಎಷ್ಟು ದಿನ ಡಬ್ಬಿಯ ಕತ್ತಲಲ್ಲಿತ್ತೋ, ಬಿಚ್ಚಿದಾಗ ಅದು ಒಲೆಗೆ ಹಾಕುವ ಪುರಲೆಯಾಗಿತ್ತು.

ಅದು ಮಳೆಗಾಲದ ಒಂದು ರವಿವಾರ. ಆ ಸಸಿಯ ಹಣ ಹಿಂದಕ್ಕೆ ಪಡೆಯಬೇಕೆಂದು ನಾನು ಪಡಸಾಲೆಯಲ್ಲಿ ಕೂತು ಫೋನು ಒತ್ತುತ್ತಿದ್ದೆ. ಹಿತ್ತಲಲ್ಲಿ ಅವ್ವ ಹೀರೆಯ ಬಳ್ಳಿಗೆ ಚಪ್ಪರ ಕಟ್ಟುತ್ತಿದ್ದಳು.

"ತಮ್ಮಾ, ಜರಾ ಈ ಕಟ್ಟಿಗಿ ಹಿಡಿ ಬಾ" ಎಂದಳು.

"ಬಂದೆ ಅವ್ವಾ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕರೆದಳು. ಮತ್ತೆ "ಬಂದೆ" ಎಂದೆ. ಮೂರನೆಯ ಸಲ ಅವಳು ಕರೆಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ತಾನೇ ಹತ್ತಿ ನಿಂತಳು. ಪಾಚಿಗಟ್ಟಿದ ಕಲ್ಲು, ಕಾಲು ಜಾರಿತು. ನಾನು ಓಡಿಹೋದಾಗ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೆಸರಿನಲ್ಲಿ ಕೂತಿದ್ದಳು. ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪಟ್ಟಿ. ಆ ಸಸಿಯ ಬೆಲೆ ನೂರಾ ನಲವತ್ತು ರೂಪಾಯಿ. ಅದು ಖಾತೆಗೆ ಜಮೆಯಾಯಿತೆಂದು ಆಸ್ಪತ್ರೆಯಲ್ಲಿ ಕೂತಿರುವಾಗ ಫೋನು ಸದ್ದು ಮಾಡಿತು.

ಅವ್ವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮರುವಾರ ಹೋದಾಗ ಕಟ್ಟೆಯ ಮೇಲೆ ಕೂತು, "ಈಗ ನನ್ನ ಕೈ ನೀನೇ ನೋಡು" ಎಂದಳು, ಅಷ್ಟೆ. ಆ ಆರು ರವಿವಾರ ಅವಳು ಹೇಳಿದಳು, ನಾನು ಮಾಡಿದೆ. ನನಗೆ ತೋಟಗಾರಿಕೆಯ ಪಾಠವಾದುದು ಹಾಗೆ. ಅದರಲ್ಲಿ ನಿಮಗೂ ಉಪಯೋಗಕ್ಕೆ ಬರುವಂಥ ನಾಲ್ಕು ಮಾತುಗಳಿವೆ.

ಮೊದಲನೆಯದು ಮಣ್ಣಿನ ಮಾತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಅಂಟಾಗಿ ನೀರು ಹಿಡಿದು ನಿಲ್ಲಿಸುತ್ತದೆ. ಅಂಥಲ್ಲಿ ಸಪಾಟಾಗಿ ಬಿತ್ತಿದರೆ ಬೇರು ಕೊಳೆತುಹೋಗುತ್ತದೆ. ಒಂದು ಗೇಣು ಎತ್ತರಕ್ಕೆ ಮಡಿ ಕಟ್ಟಿ, ತಿಪ್ಪೆಯ ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಕಲಸಬೇಕು. ಬೀದರ ಪಟ್ಟಣದವರ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿಯದು ಕೆಂಪು ಜಂಬಿಟ್ಟಿಗೆ ನೆಲ. ಹಾಕಿದ ನೀರು ನಿಲ್ಲದೆ ಇಳಿದುಹೋಗುತ್ತದೆ. ಅಲ್ಲಿ ಗೊಬ್ಬರ ಹೆಚ್ಚು ಬೇಕು, ಗಿಡದ ಬುಡಕ್ಕೆ ಒಣ ಎಲೆಯ ಹೊದಿಕೆ ಬೇಕು.

ಎರಡನೆಯದು ಲೆಕ್ಕದ ಮಾತು. ನಾನಾಗಿದ್ದರೆ ಇಡೀ ಹಿತ್ತಲಿಗೆ ಒಂದೇ ದಿನ ಮೆಂತೆ ಚೆಲ್ಲಿ, ಒಂದೇ ದಿನ ಎಲ್ಲವನ್ನೂ ಕಿತ್ತು, ಕೇರಿಗೆಲ್ಲ ಹಂಚಿ ಮುಗಿಸುತ್ತಿದ್ದೆ. ಅವ್ವ ನಾಲ್ಕು ಸಣ್ಣ ಮಡಿ ಮಾಡಿಸಿದಳು. ರವಿವಾರಕ್ಕೊಂದು ಮಡಿ ಬಿತ್ತನೆ. ಮೆಂತೆ ಸುಮಾರು ನಾಲ್ಕು ವಾರಕ್ಕೆ ಕೈಗೆ ಬರುತ್ತದೆಯಾದ್ದರಿಂದ ಐದನೆಯ ರವಿವಾರ ಮೊದಲಿನ ಮಡಿ ಕೀಳುವುದು, ಅಲ್ಲಿಯೇ ಮತ್ತೆ ಬಿತ್ತುವುದು. ಹೀಗೆ ವಾರ ತಪ್ಪದೆ ಒಂದು ಕಟ್ಟು ಸೊಪ್ಪು. ಕೊತ್ತಂಬರಿಗೂ ಇದೇ ಕ್ರಮ. ಅದರ ಬೀಜವನ್ನು ಮಾತ್ರ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಪಟ್ಟಣದಲ್ಲಿ ಮಾಳಿಗೆಯ ಮೇಲೆ ನಾಲ್ಕು ಹಳೆಯ ಬುಟ್ಟಿ ಇಟ್ಟವರಿಗೂ ಈ ಲೆಕ್ಕ ನಡೆಯುತ್ತದೆ. ರಜೆಯ ದಿನಕ್ಕೆ ಅರ್ಧ ಗಂಟೆಯ ಕೆಲಸ. ಆದರೆ ಬರುವ ರವಿವಾರಕ್ಕೆ ಒಂದು ಕಾರಣ ಸಿಕ್ಕಿತು.

ಮೂರನೆಯದು ಬೀಜದ ಮಾತು. ನಾನು ತರಿಸಿದ ಹೈಬ್ರಿಡ್ ಟೊಮೇಟೊ ಮೊದಲ ವರ್ಷ ಚೆನ್ನಾಗಿಯೇ ಕಾಯಿ ಬಿಟ್ಟಿತ್ತು. ಅದರ ಬೀಜ ತೆಗೆದು ಮರುವರ್ಷ ಹಾಕಿದರೆ ಒಂದು ಗಿಡ ಗಿಡ್ಡ, ಒಂದು ಉದ್ದ. ಕಾಯಿ ಒಂದರ ಹಾಗೆ ಒಂದಿಲ್ಲ. ಎರಡು ತಳಿಗಳನ್ನು ಕೂಡಿಸಿ ಮಾಡಿದ ಬೀಜದ ಗುಣವೇ ಅದು. ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದುರುತ್ತವೆ. ಪ್ರತಿವರ್ಷ ಹೊಸದಾಗಿ ಕೊಳ್ಳಲೇಬೇಕು. ಅವ್ವನ ಹೀರೆ ಹಾಗಲ್ಲ. ಬಳ್ಳಿಯಲ್ಲಿ ಒಳ್ಳೆಯದೊಂದು ಕಾಯನ್ನು ಕೊಯ್ಯದೆ ಬಿಟ್ಟು, ಒಣಗಿ ಗಲಗಲ ಅಂದ ಮೇಲೆ ಬೀಜ ತೆಗೆದು ಬೂದಿಯಲ್ಲಿಡುತ್ತಾಳೆ. ಹೈಬ್ರಿಡ್ ಬೇಡವೆನ್ನುವುದಿಲ್ಲ, ಯಾವುದನ್ನು ಕೊಳ್ಳುತ್ತಿದ್ದೇವೆ ಎಂದು ತಿಳಿದು ಕೊಳ್ಳಬೇಕು. ಬೀಜದ ಪೊಟ್ಟಣದ ಮೇಲೆ ತಳಿಯ ಹೆಸರು, ಲಾಟ್ ನಂಬರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನ, ಅವಧಿ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಅದು ಎಷ್ಟು ಅಗ್ಗವಾದರೂ ತುಟ್ಟಿಯೇ.

ನಾಲ್ಕನೆಯದು ಕೊಳ್ಳುವ ಮಾತು. ಇದು ಅವ್ವನದಲ್ಲ, ನಾನೇ ಪೆಟ್ಟು ತಿಂದು ಕಲಿತದ್ದು. ಬೇಕಾದುದನ್ನು ವಾರದಲ್ಲಿ ಒಂದು ಚೀಟಿಯ ಮೇಲೆ ಬರೆದಿಡುತ್ತೇನೆ. ಶುಕ್ರವಾರ ರಾತ್ರಿ ಓದುತ್ತೇನೆ; ಅರ್ಧ ತಾನಾಗಿ ಹೊಡೆದುಹೋಗುತ್ತದೆ. ಉಳಿದುದನ್ನು ಕಾಲು ಗಂಟೆಯಲ್ಲಿ ತರಿಸಿ ಮುಗಿಸುತ್ತೇನೆ. "ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷ ಮಾತ್ರ" ಎಂದು ಪರದೆ ಅವಸರಪಡಿಸಿದರೆ ನಿಧಾನವಾಗಿ ಒಂದು ಲೋಟ ನೀರು ಕುಡಿಯಿರಿ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಮುಂತಾದ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿದೆ. 2020ರ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಗಳೊಳಗೆ ಅಂಗಡಿಯವರು ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಈ ಕೆಲಸವನ್ನೆಲ್ಲ ಸೋಮವಾರ ಮಾಡಿದರೂ ನಡೆಯುತ್ತದೆ. ರವಿವಾರವೇ ಆಗಬೇಕೆಂದಿಲ್ಲ.

ಅವ್ವನ ಕೈ ದಸರೆಯ ಹೊತ್ತಿಗೆ ಸುಮಾರಾಯಿತು. ಎಳ್ಳ ಅಮಾವಾಸ್ಯೆ ಬಂದಿತು. ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ. ಅಲ್ಲಿ ಪಾಂಡವರ ಪೂಜೆ, ಸಜ್ಜೆಯ ರೊಟ್ಟಿ, ಅಂಬಲಿ, ಮತ್ತು ಆ ಹಬ್ಬದ ಭಜ್ಜಿ. ಪಟ್ಟಣದ ಕೇಳುಗರು ಎಣ್ಣೆಯಲ್ಲಿ ಕರಿದ ಭಜ್ಜಿಯೆಂದು ತಿಳಿಯಬಾರದು. ಇದು ಹತ್ತಾರು ಬಗೆಯ ಸೊಪ್ಪು, ಕಾಯಿ, ಹಸಿಕಾಳುಗಳನ್ನು ಕಡಲೆಹಿಟ್ಟು ಹಾಕಿ ಒಟ್ಟಿಗೆ ಕುದಿಸಿದ ಪಲ್ಯ. ಎಷ್ಟು ಬಗೆ ಕೂಡಿತೋ ಅಷ್ಟು ರುಚಿ. ಆ ವರ್ಷದ ಭಜ್ಜಿಗೆ ಮೆಂತೆ, ಪುಂಡಿ, ಬದನೆ ನಾನು ಬೆಳೆದವು. ಅವ್ವ ಎರಡೂ ಕೈಯಿಂದ ಪಾತ್ರೆ ಇಳಿಸಿದಳು. ಬಡಿಸುತ್ತ ನೆಂಟರಿಗೆ, "ನಮ್ಮ ತಮ್ಮ ಬೆಳೆದಾನ" ಎಂದಳು. ಕಚೇರಿಯಲ್ಲಿ ಬಡ್ತಿಯಾದಾಗಲೂ ಅವಳು ನಾಲ್ಕು ಜನರ ಮುಂದೆ ಹಾಗೆ ಹೇಳಿರಲಿಲ್ಲ.

ಈಗಲೂ ನಮ್ಮ ಮನೆಗೆ ಪಾರ್ಸಲು ಬರುತ್ತದೆ. ಬಂದ ರಟ್ಟಿನ ಡಬ್ಬಿಯನ್ನು ಅವ್ವ ಎಸೆಯಗೊಡುವುದಿಲ್ಲ. ಮೇಲಿನ ಅಂಟುಪಟ್ಟಿ ಕಿತ್ತು, ಬಿಚ್ಚಿ ಬದನೆಗಿಡದ ಸುತ್ತ ಹಾಸಿ, ಮೇಲೆ ಮಣ್ಣು ಹಾಕಿಸುತ್ತಾಳೆ. ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬಿ ಮಣ್ಣಾಗಿರುತ್ತದೆ. ಒಗೆಯುವ ಕಲ್ಲಿನ ಪಾಚಿಯನ್ನು ಪ್ರತಿ ರವಿವಾರ ಬೆಳಿಗ್ಗೆ ನಾನೇ ತಿಕ್ಕುತ್ತೇನೆ. ಫೋನು ಒಳಗೆ ಮಾಡದಲ್ಲಿರುತ್ತದೆ. ಅವ್ವ ಕರೆದರೆ ಒಂದನೆಯ ಕೂಗಿಗೆ ಕೇಳಿಸುತ್ತದೆ.