ಕುಡಿಯುವ ನೀರಿನಲ್ಲಿ ರೋಗ ಹುಡುಕಿದ ವೈದ್ಯರು

ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದ ಬಾವಿಗಳ ನೀರು ಕದಡಿದಾಗ ಕಾಶ್ಮೀರದ ಡಾ. ಮುಹಮ್ಮದ್ ಸುಲ್ತಾನ್ ಖುರೂ ಅವರನ್ನು ನೆನೆಯಿರಿ.

1978ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿತು. ಸುಮಾರು 52,000 ಮಂದಿಗೆ ಕಾಯಿಲೆ, 1,700 ಸಾವು ಎಂಬ ಅಂದಾಜಿದೆ. ಗರ್ಭಿಣಿಯರಿಗಂತೂ ಅದು ಮಾರಕವಾಗಿತ್ತು. ಜೀರ್ಣಾಂಗ ರೋಗಗಳ ತಜ್ಞರಾದ ಖುರೂ ಮನೆಮನೆಗೆ ಹೋಗಿ ರೋಗಿಗಳ ಲೆಕ್ಕ ತೆಗೆದರು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಎ, ಬಿ ಎರಡೂ ಅಲ್ಲವೆಂದು ಕಂಡಿತು. ನೀರಿನಿಂದ ಹರಡುವ ಬೇರೆಯೇ ರೋಗವಿದೆಂದು 1980ರಲ್ಲಿ ಪ್ರಕಟಿಸಿದರು. ಅದೇ ಮುಂದೆ ಹೆಪಟೈಟಿಸ್ ಇ ಎನಿಸಿತು.

ನೀವೂ ಅಂಕಗಳ ಜೊತೆಗೆ ‘ಏಕೆ?’ ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ. ಮನೆಯಲ್ಲಿ ಗರ್ಭಿಣಿ ಅಕ್ಕ, ಅತ್ತಿಗೆ ಇದ್ದರೆ ಇಂದೇ ನೀರು ಕುದಿಸಿ ಆರಿಸಿ ಕೊಡಿ. ಕಲಿತ ಇಲ್ಮ್ ಮೊದಲು ಮನೆಯವರಿಗೆ ಉಪಕಾರವಾಗಲಿ.