ಮೂಗುದಾರ ಎಲ್ಲಿದೆ ಸ್ವಾಮಿ?



ಇವತ್ತು ರಾಜಕೀಯ ಬೇಡ. ಇವತ್ತು ನಿಮ್ಮ ಕಾರಿನೊಳಗೆ ಬಂದು ಕೂರ್ತೀನಿ. ಡ್ಯಾಶ್‌ಬೋರ್ಡ್ ಮಧ್ಯೆ ಒಂದು ದೊಡ್ಡ ಪರದೆ ಇದೆಯಲ್ಲ, ಇನ್ಫೋಟೇನ್‌ಮೆಂಟ್ ಸಿಸ್ಟಮ್ ಅಂತ ಶೋರೂಮಿನಲ್ಲಿ ಹೇಳ್ತಾರಲ್ಲ, ಅದರ ಬಗ್ಗೆ ಮಾತಾಡೋಣ. ಹಾಡು ಅದರಲ್ಲೇ, ದಾರಿ ಅದರಲ್ಲೇ, ಫೋನು ಅದರಲ್ಲೇ. ಅಲ್ಲಿವರೆಗೂ ಸರಿ. ಈಗ ಎಸಿ ಅದರಲ್ಲೇ, ಫ್ಯಾನ್ ಅದರಲ್ಲೇ, ಗಾಜಿನ ಮೇಲಿನ ಮಂಜು ತೆಗೆಯೋ ಡೀಫಾಗರ್ ಕೂಡ ಅದರಲ್ಲೇ.

ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಕಾರು ಓಡ್ತಾ ಇದೆ. ಕಣ್ಣು ರಸ್ತೆ ಮೇಲಿದೆ. ಆ ಕಣ್ಣನ್ನ ಕದಲಿಸದೆ ನಿಮ್ಮ ಕಾರಿನ ಫ್ಯಾನ್ ಜೋರು ಮಾಡೋಕೆ ನಿಮಗೆ ಆಗುತ್ತಾ?

ಹಳೇ ಕಾರಿನವರು ಆಗುತ್ತೆ ಅಂತಾರೆ. ಎರಡು ವರ್ಷದ ಹಿಂದೆ ಹೊಸ ಕಾರು ತಗೊಂಡ ಎಷ್ಟೋ ಜನ ಸುಮ್ಮನಾಗ್ತಾರೆ.

ಅಯ್ಯೋ, ಇದು ಕಾರಿರೋರ ತಲೆನೋವು, ನಮಗ್ಯಾಕೆ ಅಂತ ಚಾನೆಲ್ ಬದಲಾಯಿಸಬೇಡಿ. ಆ ಕಾರಿನ ಮುಂದೆ ರಸ್ತೆ ದಾಟೋರು ಯಾರು? ಕಾರಿಲ್ಲದವರು. ಸೈಕಲ್‌ನವರು, ನಡೆದು ಹೋಗೋರು, ಹಸು ಹೊಡ್ಕೊಂಡು ಬರೋರು. ಡ್ರೈವರ್ ಪರದೆ ನೋಡಿದ ಎರಡು ಸೆಕೆಂಡಿನ ಬೆಲೆ ಕಟ್ಟೋರು ಅವರು.

ಇದನ್ನ ನಾನು ಕಣ್ಣಾರೆ ಕಂಡದ್ದು ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ. ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಗೊತ್ತಲ್ಲ? ಪುಷ್ಯ ಶುದ್ಧ ಷಷ್ಠಿಗೆ ಅಲ್ಲಿ ಬ್ರಹ್ಮರಥೋತ್ಸವ. ಅದರ ಜೊತೆಗೇ ದನಗಳ ಜಾತ್ರೆ. ಡಿಸೆಂಬರ್ ಕೊನೆ, ಜನವರಿ ಮೊದಲು ಅಂದ್ಕೊಳ್ಳಿ. ಹಳ್ಳಿಕಾರ್ ಎತ್ತುಗಳನ್ನ ಸಿಂಗಾರ ಮಾಡಿ ಕಟ್ಟಿರ್ತಾರೆ, ನೋಡೋಕೆ ಎರಡು ಕಣ್ಣು ಸಾಲದು. ಒಂದು ಸಲ ಜಾತ್ರೆ ವರದಿಗೆ ನಮ್ಮ ತಂಡದ ಜೊತೆ ನಾನೂ ಹೊರಟೆ. ಬಾಡಿಗೆ ಕಾರು, ಹೊಸದು. ಯಾವ ಕಂಪನಿ ಅನ್ನೋದು ಬೇಡ, ಇದು ಒಂದು ಕಂಪನಿಯ ಕಥೆ ಅಲ್ಲ. ಓಡಿಸ್ತಿದ್ದವರು ಅದೇ ತಾಲೂಕಿನವರು, ಐವತ್ತು ದಾಟಿದವರು. ಎತ್ತು ಸಾಕಿದ ಮನೆತನ, ಈಗ ಆಕ್ಟಿಂಗ್ ಡ್ರೈವರ್.

ಬೆಳಗಿನ ಜಾವ. ಯಲಹಂಕ, ರಾಜಾನುಕುಂಟೆ ದಾಟೋವರೆಗೆ ತೊಂದರೆ ಇರಲಿಲ್ಲ. ದೊಡ್ಡಬಳ್ಳಾಪುರ ಬಿಟ್ಟ ಮೇಲೆ ಹೊರಗೆ ಮಂಜು, ಒಳಗೆ ಐದು ಜನರ ಉಸಿರು. ಮುಂದಿನ ಗಾಜು ಒಳಗಿಂದ ಬೆಳ್ಳಗಾಯ್ತು. ಅದು ಹೋಗಬೇಕಾದ್ರೆ ಎಸಿ ಹಾಕ್ಬೇಕು, ಗಾಳಿಯನ್ನ ಗಾಜಿಗೆ ತಿರುಗಿಸಬೇಕು, ಹೊರಗಿನ ಗಾಳಿ ಒಳಗೆ ಬಿಡಬೇಕು. ಹಳೇ ಕಾರಲ್ಲಿ ಒಂದು ಬಟನ್, ಒಂದು ನಾಬ್, ಒಂದು ಲಿವರ್. ಕೈ ತಾನೇ ಹೋಗ್ತಿತ್ತು. ಈ ಕಾರಲ್ಲಿ ಏನಾಯ್ತು? ಪರದೆ ಮೇಲೆ ಮ್ಯಾಪ್ ಇತ್ತು. ಮ್ಯಾಪ್ ಪಕ್ಕಕ್ಕೆ ಸರಿಸಬೇಕು. ಕೆಳಗೆ ಫ್ಯಾನಿನ ಚಿತ್ರ ಒತ್ತಬೇಕು. ಅಷ್ಟರಲ್ಲಿ ಯಾರದ್ದೋ ಫೋನ್ ಬಂತು, ಫ್ಯಾನ್ ಇದ್ದ ಜಾಗದಲ್ಲಿ ಈಗ ಹಸಿರು, ಕೆಂಪು ಬಟನ್. ಅವರು ಒಂದು ಕೈಯಲ್ಲಿ ಟವೆಲ್‌ನಿಂದ ಗಾಜು ಒರೆಸ್ತಾ, ಇನ್ನೊಂದು ಕೈ ಸ್ಟೇರಿಂಗ್ ಮೇಲೆ, ಕಣ್ಣು ಪರದೆ ಮೇಲೆ. ಹಿಂದೆ ಕೂತಿದ್ದ ನಮ್ಮ ಕ್ಯಾಮೆರಾಮ್ಯಾನ್ ಕೂಗಿದರು. ಎದುರಿಗೆ ಒಂದು ಜೋಡಿ ಎತ್ತು, ಹಗ್ಗ ಹಿಡಿದ ಒಬ್ಬ ಹುಡುಗ. ಬ್ರೇಕ್ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ನಾವು ಮೆಲ್ಲಗೆ ಹೋಗ್ತಿದ್ವಿ, ಅದಕ್ಕೇ ಆಗಲಿಲ್ಲ.

ಆಮೇಲೆ ಟೀ ಕುಡಿಯುವಾಗ ಅವರು ಅಂದ ಮಾತು ಕೇಳಿ: "ಸಾರ್, ಎತ್ತಿನ ಮೂಗುದಾರ ಯಾವೂರಲ್ಲಾದ್ರೂ ಮೂಗಲ್ಲೇ ಇರ್ತದೆ. ಕತ್ಲಲ್ಲಿ ಕೈ ಹಾಕಿದ್ರೂ ಸಿಗ್ತದೆ. ಈ ಕಾರ್ನೋರು ಒಂದೊಂದು ಕಾರಲ್ಲಿ ಒಂದೊಂದು ಕಡೆ ಇಟ್ಟವ್ರೆ. ನಾನು ವಾರಕ್ಕೆ ನಾಲ್ಕು ಕಾರು ಓಡಿಸ್ತೀನಿ. ಎಲ್ಲಿ ಅಂತ ಹುಡುಕ್ಲಿ?"

ಇದಕ್ಕಿಂತ ಚೆನ್ನಾಗಿ ಯಾವ ಎಕ್ಸ್‌ಪರ್ಟ್ ಹೇಳಬೇಕು ಸ್ವಾಮಿ?

ಎಕ್ಸ್‌ಪರ್ಟ್‌ಗಳೂ ಹೇಳಿದ್ದಾರೆ, ಲೆಕ್ಕ ಸಮೇತ ಹೇಳಿದ್ದಾರೆ. ಸ್ವೀಡನ್ನಿನಲ್ಲಿ ವೀ ಬೀಲೆಗಾರೆ ಅನ್ನೋ ಕಾರು ಪತ್ರಿಕೆ ಇದೆ. 2022ರಲ್ಲಿ ಅವರೊಂದು ಪರೀಕ್ಷೆ ಮಾಡಿದ್ರು. ಗಂಟೆಗೆ 110 ಕಿಲೋಮೀಟರ್ ವೇಗ. ರೇಡಿಯೋ ಸ್ಟೇಷನ್ ಬದಲಿಸೋದು, ಕಾರಿನೊಳಗಿನ ತಾಪಮಾನ ಹೆಚ್ಚಿಸೋದು, ಇಂಥ ನಾಲ್ಕು ಸಣ್ಣ ಕೆಲಸ. 2005ರ ಹಳೇ ವೋಲ್ವೊ ಕಾರು, ಪರದೆ ಇಲ್ಲ, ಬರೀ ಬಟನ್. ನಾಲ್ಕೂ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗೀತು. ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಹೊಸ ಕಾರುಗಳಲ್ಲಿ ಕೊನೇ ಸ್ಥಾನ ಬಂದದ್ದು ಎಂಜಿ ಮಾರ್ವೆಲ್ ಆರ್. ಅದಕ್ಕೆ ಹಿಡಿದದ್ದು 44.6 ಸೆಕೆಂಡು, ಓಡಿದ್ದು 1,372 ಮೀಟರ್. ಒಂದೂಕಾಲು ಕಿಲೋಮೀಟರಿಗಿಂತ ಜಾಸ್ತಿ! ಹದಿನೇಳು ವರ್ಷ ಹಳೇ ಕಾರು ಗೆಲ್ತು ಸ್ವಾಮಿ.

ಬ್ರಿಟನ್ನಿಗೆ ಬನ್ನಿ. ಐಎಎಂ ರೋಡ್‌ಸ್ಮಾರ್ಟ್ ಅನ್ನೋ ರಸ್ತೆ ಸುರಕ್ಷತಾ ಸಂಸ್ಥೆ 2020ರಲ್ಲಿ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಮಾಡಿಸ್ತು. ಆಂಡ್ರಾಯ್ಡ್ ಆಟೋ ಪರದೆಯನ್ನ ಮುಟ್ಟಿ ಬಳಸ್ತಿದ್ದ ಚಾಲಕರ ಪ್ರತಿಕ್ರಿಯೆ ಶೇಕಡ 53ರಷ್ಟು ನಿಧಾನ ಆಯ್ತು. ಆಪಲ್ ಕಾರ್‌ಪ್ಲೇ ಆದ್ರೆ ಶೇಕಡ 57. ಕಾನೂನು ಒಪ್ಪೋ ಮಿತಿಯಷ್ಟು ಮದ್ಯ ಕುಡಿದವರದ್ದು ಎಷ್ಟು ನಿಧಾನ ಆಗಿತ್ತು ಗೊತ್ತಾ? ಶೇಕಡ 12. ಕುಡಿದು ಓಡಿಸೋರನ್ನ ರಾತ್ರಿ ನಿಲ್ಲಿಸಿ ಊದಿಸ್ತೀವಿ. ಪರದೆ ತಡಕಾಡ್ತಾ ಓಡಿಸೋ ಕಾರಿಗೆ ಆಯುಧಪೂಜೆ ಮಾಡ್ತೀವಿ.

ನಮ್ಮ ರಸ್ತೆಗೆ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡು ಸೆಕೆಂಡು ಪರದೆ ನೋಡಿದ್ರೆ 33 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಈ ಎರಡು ಸೆಕೆಂಡು ಅನ್ನೋ ಲೆಕ್ಕ ನಾನು ಕಟ್ಟಿದ್ದಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕೊಟ್ಟ ಮಾರ್ಗಸೂಚಿ ಅದು. ಒಂದು ಸಲಕ್ಕೆ ಎರಡು ಸೆಕೆಂಡು, ಒಂದು ಕೆಲಸಕ್ಕೆ ಒಟ್ಟು ಹನ್ನೆರಡು ಸೆಕೆಂಡು, ಅದಕ್ಕಿಂತ ಜಾಸ್ತಿ ಕಣ್ಣು ಬೇಡೋ ಕೆಲಸವನ್ನ ಓಡೋ ಕಾರಿನಲ್ಲಿ ಕೊಡಲೇಬಾರದು ಅಂತ. ಜಾತ್ರೆ ದಿನ ಘಾಟಿ ರಸ್ತೆಯಲ್ಲಿ 33 ಮೀಟರ್ ಖಾಲಿ ಜಾಗ ಎಲ್ಲಿದೆ ಹೇಳಿ.

ಘಾಟಿ ಅಂದ ಮೇಲೆ ಅಲ್ಲಿನ ಗರ್ಭಗುಡಿ ನೆನಪಾಗುತ್ತೆ. ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ, ನರಸಿಂಹ ಪಶ್ಚಿಮಕ್ಕೆ ಮುಖ, ಎರಡೂ ಒಂದೇ ಶಿಲೆ. ಎದುರಿಗೆ ನಿಂತ ಭಕ್ತನಿಗೆ ನರಸಿಂಹ ಕಾಣೋದು ಹೇಗೆ? ಹಿಂದೆ ಒಂದು ಕನ್ನಡಿ ಇಟ್ಟಿದ್ದಾರೆ. ತಳ್ಳಾಟದ ಸಾಲಿನಲ್ಲಿ ನಿಮಗೆ ಸಿಗೋದೇ ಎರಡು ಕ್ಷಣ. ಆ ಎರಡು ಕ್ಷಣದಲ್ಲಿ ನಿಂತ ಜಾಗದಿಂದಲೇ ಇಬ್ಬರು ದೇವರ ದರ್ಶನ. ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ಕಾರಿನಲ್ಲೂ ಅಂಥ ಒಂದು ವಸ್ತು ಇದೆ, ಒಳಗಿನ ರಿಯರ್‌ವ್ಯೂ ಕನ್ನಡಿ. ಯಾವ ಕಾರು ಹತ್ತಿದ್ರೂ ಅದು ಅಲ್ಲೇ. ಅದಕ್ಕೆ ಮೆನು ಇಲ್ಲ, ಅಪ್‌ಡೇಟ್ ಇಲ್ಲ, ಇಂಗ್ಲಿಷ್ ಬರಬೇಕಿಲ್ಲ. ಓಡಿಸೋನಿಗೆ ಕೊಡೋ ಯಾವುದೇ ಮಾಹಿತಿ ಹೀಗಿರಬೇಕು.

ಹಾಗಾದ್ರೆ ಕಂಪನಿಗಳು ಯಾಕೆ ಹೀಗೆ ಮಾಡ್ತವೆ? ಒಂದೊಂದು ಬಟನ್‌ಗೂ ಅಚ್ಚು ಬೇಕು, ವೈರ್ ಬೇಕು, ಜೋಡಿಸೋ ಕೈ ಬೇಕು. ಇಪ್ಪತ್ತು ಬಟನ್ ತೆಗೆದು ಒಂದು ಪರದೆ ಹಾಕಿದ್ರೆ ಕೆಲಸ ಸಲೀಸು, ಸಾಫ್ಟ್‌ವೇರ್ ಬದಲಿಸಿ ಅದನ್ನೇ ಐದು ಮಾಡೆಲ್‌ಗೆ ಹಾಕ್ಬಹುದು. ಮೇಲಾಗಿ ಪರದೆ ತೋರಿಸಿ ಕಾರು ಮಾರಬಹುದು. ಇಲ್ಲೇ ನೋಡಿ ನಾವು ಬೀಳೋದು. ಶೋರೂಮಿನಲ್ಲಿ ಕಾರು ನಿಂತಿರುತ್ತೆ. ನಿಂತ ಕಾರಿನಲ್ಲಿ ಎಲ್ಲ ಪರದೆಯೂ ಚಂದ. ಮಕ್ಕಳು ಕುಣೀತಾರೆ, ನಾವು ಅಡ್ವಾನ್ಸ್ ಕೊಡ್ತೀವಿ. ಓಡುವಾಗ ಅದು ಹೇಗಿರುತ್ತೆ ಅನ್ನೋದು ಗೊತ್ತಾಗೋದು ಆಮೇಲೆ, ಮಂಜು ಬಿದ್ದ ದಿನ.

ಇದು ಹೊಸ ಪಾಠವೂ ಅಲ್ಲ. 1986ರಲ್ಲೇ ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿನಲ್ಲಿ ಟಚ್ ಪರದೆ ಬಂದಿತ್ತು. ಎಸಿ, ರೇಡಿಯೋ ಎಲ್ಲಾ ಅದರಲ್ಲೇ. ಜನ ಒಪ್ಪಲಿಲ್ಲ, 1990ರ ಮಾಡೆಲ್ ಹೊತ್ತಿಗೆ ತೆಗೆದು ಹಾಕಿದ್ರು. ಸಮುದ್ರದಲ್ಲೂ ಇದೇ ಪಾಠ. 2017ರ ಆಗಸ್ಟ್‌ನಲ್ಲಿ ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ಟ್ಯಾಂಕರ್‌ಗೆ ಡಿಕ್ಕಿ ಆಯ್ತು. ಹತ್ತು ನಾವಿಕರು ಸತ್ತರು. ಹಡಗು ನಡೆಸೋ ಟಚ್ ಪರದೆ ಗೊಂದಲ ತಂದಿತ್ತು ಅಂತ ತನಿಖೆ ಹೇಳ್ತು. 2019ರಲ್ಲಿ ನೌಕಾಪಡೆ ವೇಗದ ಲಿವರ್‌ಗಳನ್ನ ಕೈಗೆ ಸಿಗೋ ಹಾಗೆ ವಾಪಸ್ ತರ್ತೀವಿ ಅಂತು. ಯುದ್ಧನೌಕೆಯವರಿಗೇ ಲಿವರ್ ಬೇಕು. ನಮ್ಮ ಡ್ರೈವರ್‌ಗೆ ಬೇಡ್ವಾ?

ಪರದೆನೇ ಬೇಡ ಅಂತ ನಾನು ಹೇಳ್ತಿಲ್ಲ. ರಿವರ್ಸ್ ತಗೊಳ್ಳುವಾಗ ಹಿಂದಿನ ಮಗು ಕಾಣೋದು ಆ ಪರದೆಯಲ್ಲೇ. ಗೊತ್ತಿಲ್ಲದ ಊರಲ್ಲಿ ದಾರಿ ಕಾಣೋದೂ ಅಲ್ಲೇ. ಹೊರಡೋಕೆ ಮುಂಚೆ ಮಾಡೋ ಕೆಲಸ ಎಲ್ಲಾ ಪರದೆಯಲ್ಲಿರಲಿ. ಓಡುವಾಗ ಮಾಡೋ ಕೆಲಸ ಕೈಗೆ ಸಿಗಲಿ. ಗೆರೆ ಇಷ್ಟೇ.

ಕಾನೂನು ಏನು ಮಾಡ್ತಿದೆ? ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದ್ರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದೆ, ದಂಡ ಇದೆ. ಆರು ಇಂಚಿನ ಫೋನ್ ಅಪರಾಧ. ಹನ್ನೆರಡು ಇಂಚಿನ ಪರದೆ ಫೀಚರ್! ನಮ್ಮ ಸರ್ಕಾರಕ್ಕೆ ಕೈಲಾಗಲ್ಲ ಅಂತಲ್ಲ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ವೇಗ ಹೆಚ್ಚಾದ್ರೆ ಬೀಪ್ ಅನ್ನೋ ಎಚ್ಚರಿಕೆ ಕಡ್ಡಾಯ ಆಯ್ತು, ರಿವರ್ಸ್ ಸೆನ್ಸರ್ ಕಡ್ಡಾಯ ಆಯ್ತು. ಅವು ಕಿವಿಗೆ ಹೇಳ್ತವೆ, ಕಣ್ಣು ಕೇಳಲ್ಲ. ಅಂದ್ರೆ ಸರಿಯಾದ ದಾರಿ ನಮಗೆ ಗೊತ್ತಿದೆ.

ಯುರೋಪಿನ ಯೂರೋ ಎನ್‌ಕ್ಯಾಪ್ 2026ರಿಂದ ಹೊಸ ನಿಯಮ ತಂದಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗೋ ಸ್ವಿಚ್ ಇಲ್ಲದಿದ್ರೆ ಅಂಕ ಹೋಗುತ್ತೆ. ನಮ್ಮಲ್ಲೂ 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಬಂದಿದೆ. ಐದು ಸ್ಟಾರ್, ಐದು ಸ್ಟಾರ್ ಅಂತ ಜಾಹೀರಾತು ನೋಡ್ತೀರಲ್ಲ, ಅದೇ. ಡಿಕ್ಕಿ ಆದ ಮೇಲೆ ಒಳಗಿರೋರು ಉಳೀತಾರಾ ಅನ್ನೋದಕ್ಕೆ ಅಲ್ಲಿ ದೊಡ್ಡ ಅಂಕ. ಒಳ್ಳೇದೇ. ಆದರೆ ಡಿಕ್ಕಿ ಆಗೋಕೆ ಮುಂಚೆ ಡ್ರೈವರ್ ಕಣ್ಣು ಎಲ್ಲಿತ್ತು? ಎದುರಿಗಿದ್ದ ಹುಡುಗನಿಗೆ ಯಾವ ಸ್ಟಾರ್? 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಅದರಲ್ಲಿ ಹೊರಗಿದ್ದವರೂ ಇದ್ದಾರೆ.

ಆದ್ದರಿಂದ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ನನ್ನ ಒತ್ತಾಯ: ಭಾರತ್ ಎನ್‌ಕ್ಯಾಪ್ ಅಂಕದಲ್ಲಿ ಸ್ವಿಚ್‌ಗೂ ಜಾಗ ಕೊಡಿ. ಯುರೋಪಿನ ಐದರ ಜೊತೆ ನಮ್ಮ ಮಂಜಿಗೆ, ನಮ್ಮ ಮಳೆಗೆ ಡೀಫಾಗರ್ ಕೂಡ ಸೇರಿಸಿ.

ಬೆಂಗಳೂರಿನ ಇಂಜಿನಿಯರ್‌ಗಳಿಗೂ ಒಂದು ಮಾತು. ಬಾಷ್ ಇಲ್ಲಿದೆ, ಮರ್ಸಿಡೀಸ್ ಬೆಂಜ್ ಸಂಶೋಧನಾ ಕೇಂದ್ರ ಇಲ್ಲಿದೆ. ಜಗತ್ತಿನ ಕಾರುಗಳ ಸಾಫ್ಟ್‌ವೇರ್ ಬರೆಯೋ ಕೈಗಳು ಇಲ್ಲಿವೆ. ನಿಮ್ಮ ಪರದೆಯನ್ನ ಆಫೀಸಿನ ಟೇಬಲ್ ಮೇಲೆ ಇಟ್ಟು ಪರೀಕ್ಷೆ ಮಾಡಿದ್ರೆ ಸಾಲದು. ಪುಷ್ಯ ಮಾಸದ ಬೆಳಗ್ಗೆ ಐದೂವರೆಗೆ ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗಿ. ಆಕ್ಟಿಂಗ್ ಡ್ರೈವರ್ ಒಬ್ಬರನ್ನ ಓಡಿಸೋಕೆ ಬಿಟ್ಟು ನೀವು ಪಕ್ಕದಲ್ಲಿ ಕೂತು ನೋಡಿ. ಇನ್ನೊಂದು, ಕನ್ನಡ. 2018ರಿಂದ ಗೂಗಲ್ ಮ್ಯಾಪ್ ಕನ್ನಡದಲ್ಲಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತಿದೆ. ಫೋನಿಗೆ ಕನ್ನಡ ಬಂತು. ಇಪ್ಪತ್ತು ಲಕ್ಷದ ಕಾರಿಗೆ "ಗಾಜಿನ ಮಂಜು ತೆಗಿ" ಅಂದ್ರೆ ಅರ್ಥ ಆಗಬಾರದಾ?

ಕೊನೆಗೆ ನಿಮಗೆ. ಮುಂದಿನ ಸಲ ಶೋರೂಮಿಗೆ ಹೋದಾಗ ಒಂದು ಕೆಲಸ ಮಾಡಿ. ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ. ವೈಪರ್, ಹಜಾರ್ಡ್ ಲೈಟ್, ಫ್ಯಾನ್, ಡೀಫಾಗರ್, ಹಾಡಿನ ವಾಲ್ಯೂಮ್, ಐದನ್ನೂ ಕೈಯಲ್ಲೇ ಹುಡುಕಿ. ಸಿಕ್ಕರೆ ಬೆಲೆ ಮಾತಾಡಿ. ಸಿಗದಿದ್ರೆ ಸೇಲ್ಸ್‌ನವರಿಗೆ ಯಾಕೆ ಬೇಡ ಅಂತ ಕಾರಣ ಹೇಳಿ ಎದ್ದು ಬನ್ನಿ. ಆ ಕಾರಣವನ್ನ ಅವರು ಬರ್ಕೊಳ್ಳಲಿ. ದಿನಕ್ಕೆ ಹತ್ತು ಜನ ಅದೇ ಕಾರಣ ಹೇಳಿದ್ರೆ ಮುಂದಿನ ಮಾಡೆಲ್‌ಗೆ ನಾಬ್ ವಾಪಸ್ ಬರುತ್ತೆ, ನೋಡ್ತಾ ಇರಿ.