ಹಿಂದಕ್ಕೆ ಹರಿಯೋ ಹೊಳೆ, ಪಕ್ಕದಲ್ಲಿ ಅಪ್ಪ

ಇವತ್ತು ಲಂಡನ್ನಿನ ಅಂಚಲ್ಲಿರೋ ರಿಚ್ಮಂಡ್‌ಗೆ ಹೋಗೋಣ. ಜೊತೆಗೆ ನಮ್ಮಪ್ಪ ಇದ್ದಾರೆ. ಮಂಡ್ಯ ಕಡೆಯವರು, ವಿ.ಸಿ. ನಾಲೆ ಬಯಲಲ್ಲಿ ನೀರುಗಂಟಿ ಆಗಿದ್ದವರು. ಮೂರು ತಿಂಗಳಿಗೆ ಅಂತ ನನ್ನ ಹತ್ರ ಬಂದಿದ್ದರು. ಮಂಗಳವಾರ ವಾಪಸ್ ಫ್ಲೈಟು.

ವಾರಪೂರ್ತಿ ಮೋಡ. ಭಾನುವಾರ ಮಾತ್ರ ಒಳ್ಳೇ ಬಿಸಿಲು ಬಂತು. ಥೇಮ್ಸ್ ದಂಡೆ ಹಿಡಿದು, ಟ್ವಿಕನ್‌ಹ್ಯಾಮ್ ಸೇತುವೆ ದಾಟಿದರೆ ರಿಚ್ಮಂಡ್ ಲಾಕ್ ಸಿಗುತ್ತೆ. 1894ರ ಕಟ್ಟೆ ಅದು. ಅಪ್ಪ ಅಲ್ಲೇ ನಿಂತುಬಿಟ್ಟರು. ಗೇಟು ಇಳಿದಿತ್ತು. ‘ತೂಬು ದೊಡ್ಡದಾಗದೆ’ ಅಂದ್ರು, ಅಷ್ಟೇ.

ಅಲ್ಲಿಂದ ಮುಂದೆ ಎಡಕ್ಕೆ ಹೊಳೆ, ಬಲಕ್ಕೆ ಓಲ್ಡ್ ಡಿಯರ್ ಪಾರ್ಕ್. ಹೆಸರಲ್ಲಿ ಮಾತ್ರ ಜಿಂಕೆ. ಈಗ ಬಹುಪಾಲು ಗಾಲ್ಫ್ ಮೈದಾನ, ರಾಯಲ್ ಮಿಡ್-ಸರ್ರೆ ಕ್ಲಬ್ಬಿಂದು, 18 ಗುಳಿಯ ಎರಡೆರಡು ಕೋರ್ಸು. ಹಸಿರಿನ ನಡುವೆ ಒಂದು ಬಿಳೀ ಕಟ್ಟಡ ಕಾಣುತ್ತೆ. 1769ರ ಜೂನ್ 3ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಯ್ತಲ್ಲ, ಅದನ್ನ ನೋಡೋಕೆ ಅಂತ ಮೂರನೇ ಜಾರ್ಜ್ ದೊರೆ ಕಟ್ಟಿಸಿದ ವೀಕ್ಷಣಾಲಯ. ಅಪ್ಪನಿಗೆ ಹೇಳಿದೆ. ‘ಒಂದ್ ದಿನದ ಕೆಲ್ಸುಕ್ಕೆ ಇಷ್ಟ್ ದೊಡ್ಡ ಮನೆಯಾ?’ ಅಂತ ನಕ್ಕರು. ಆಮೇಲೆ ಹುಲ್ಲನ್ನೇ ನೋಡ್ತಾ, ‘ಇಷ್ಟು ಬಯಲಲ್ಲಿ ಒಂದ್ ಬೆಳೆ ಇಲ್ವಲ್ಲ ಮಗಾ’ ಅಂದ್ರು.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ನಿಂತರು. ‘ಯಾಕ್ಲಾ, ಹೊಳೆ ಹಿಂದುಕ್ ಹರೀತಾ ಅದೆ?’

ನಿಜ. ಒಂದು ಕೊಂಬೆ ಸಮುದ್ರದ ಕಡೆಯಿಂದ ನಮ್ಮೆದುರಿಗೇ ತೇಲಿ ಬರ್ತಿತ್ತು. ದಿನಕ್ಕೆರಡು ಸಲ ಉಬ್ಬರದ ನೀರು ಥೇಮ್ಸ್ ಒಳಗೆ ನುಗ್ಗಿ ಇನ್ನೂ ಮೇಲಿರೋ ಟೆಡಿಂಗ್ಟನ್‌ವರೆಗೂ ಹೋಗುತ್ತೆ. ಜೀವನವಿಡೀ ಒಂದೇ ದಿಕ್ಕಿಗೆ ನೀರು ಬಿಟ್ಟ ಮನುಷ್ಯ, ನಂಬೋಕೆ ಹತ್ತು ನಿಮಿಷ ತಗೊಂಡ್ರು. ನಾನೂ ಇಲ್ಲಿ ನಾಲ್ಕು ವರ್ಷದಿಂದ ಇದ್ದೀನಿ, ಒಂದು ದಿನವೂ ಗಮನಿಸಿರಲಿಲ್ಲ ಬಿಡಿ.

ಬೆಂಚಲ್ಲಿ ಕೂತಾಗ ಅಪ್ಪ ಮೂರು ತಿಂಗಳಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಂತು. ನಮ್ಮ ಒಂದೂವರೆ ಎಕರೆ ಗದ್ದೆನ ಲೇಔಟ್‌ನೋರು ಕೇಳ್ತಾ ಇದ್ದಾರೆ. ‘ನೀನು ಬಂದೀಯ ಅಂದ್ರೆ ಇಟ್ಕತೀನಿ. ಇಲ್ಲ ಅಂದ್ರೆ ನಂಗೂ ಕೈಲಾಗಾಕಿಲ್ಲ.’

ಬರ್ತೀನಿ ಅಂದ್ರೆ ಸುಳ್ಳಾಗ್ಬಹುದು. ಮಾರಿ ಅನ್ನೋಕೆ ಬಾಯಿ ಬರಲಿಲ್ಲ. ಗಾಲ್ಫ್ ಆಡೋರು ಒಂದು ಗುಳಿ ಮುಗಿಸಿ ಮುಂದಕ್ಕೆ ಹೋದರು. ನಾವು ಸುಮ್ನೆ ಕೂತಿದ್ವಿ.

ವಾಪಸ್ ಬರೋವಾಗ ಲಾಕ್ ಗೇಟು ಮೇಲಕ್ಕೆ ಏಳ್ತಾ ಇತ್ತು. ನೀರು ಪೂರ್ತಿ ಏರೋಕೆ ಎರಡು ಗಂಟೆ ಮುಂಚೆ ಎತ್ತಿ, ಎರಡು ಗಂಟೆ ಆದ ಮೇಲೆ ಇಳಿಸ್ತಾರೆ. ಅಪ್ಪ ಕಾಲ್ಸೇತುವೆ ಕಂಬಿ ಹಿಡ್ಕೊಂಡು, ಗೇಟು ಪೂರ್ತಿ ಏರೋವರೆಗೂ ಕದಲಲಿಲ್ಲ. ‘ಒಂದ್ ವರ್ಷ ತಡೀರಿ ಅಪ್ಪ’ ಅಂದೆ. ಕೇಳಿಸ್ತೋ ಇಲ್ವೋ. ‘ಇವ್ರ್ ನೀರುಗಂಟಿಗೆ ಸಂಬಳ ಎಷ್ಟಂತೆ?’ ಅಂದ್ರು.

ಗದ್ದೆ ಸದ್ಯಕ್ಕೆ ಹಾಗೇ ಇದೆ. ಈ ಸಲ ನಾಟಿಯ ಆಳಿನ ಕೂಲಿ ನಾನು ಕಳಿಸಿದ್ದೀನಿ.